ಎಡಿಟಿಂಗ್ ಪ್ರಾಜೆಕ್ಟ್‌ಗಳ ಹೆಸರು ಬದಲಿಸಬೇಕು, ಕ್ಲಿಪ್ ಆಫ್‌ಲೈನ್ ಆಗಬಾರದು – ರಿಸಾಲ್ವ್ ಮತ್ತು ಪ್ರೀಮಿಯರ್

ಧಾರೆ_ಕ್ಯಾಮ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮದುವೆ, ಗೃಹಪ್ರವೇಶ, ಉಪನಯನದ ವಿಡಿಯೋ ಎಡಿಟಿಂಗ್. ವಿಂಡೋಸ್ 11, ಡಾವಿಂಚಿ ರಿಸಾಲ್ವ್ 18 ಉಚಿತ ಆವೃತ್ತಿ. ಹಳೇ ಕೆಲಸ ಒಂದಷ್ಟು ಪ್ರೀಮಿಯರ್ ಪ್ರೊನಲ್ಲಿದೆ. ಫುಟೇಜ್ ಎಲ್ಲಾ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ.

ಪ್ರಾಜೆಕ್ಟ್ ಮ್ಯಾನೇಜರ್ ತೆರೆದರೆ ‘ಅನ್‌ಟೈಟಲ್ಡ್ ಪ್ರಾಜೆಕ್ಟ್ 14’, ‘ಮದುವೆ ಹೊಸದು’, ‘ಮದುವೆ ಫೈನಲ್ 2’, ‘ಫೈನಲ್ ಕರೆಕ್ಷನ್’ ಇಂಥವೇ ತುಂಬಿವೆ. ಪಾರ್ಟಿಯವರು ಆರು ತಿಂಗಳ ನಂತರ ಫೋನ್ ಮಾಡಿ ಆರತಕ್ಷತೆ ಭಾಗ ಬೇಕು ಅಂದರೆ ಒಂದೊಂದಾಗಿ ತೆರೆದು ನೋಡಬೇಕು. ಕೇಳಬೇಕಾಗಿದ್ದು ಇಷ್ಟು:

ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಹೆಸರು ಬದಲಿಸಿದರೆ ಒಳಗಿನ ಕ್ಲಿಪ್‌ಗಳ ಕೊಂಡಿ ತಪ್ಪುತ್ತಾ? ಕ್ಯಾಮೆರಾ ಕೊಟ್ಟ ಫೈಲ್ ಹೆಸರುಗಳನ್ನೂ ಬದಲಿಸಬೇಕಾ, ಬದಲಿಸುವುದಾದರೆ ಯಾವಾಗ? ಹೆಸರು ಕನ್ನಡದಲ್ಲೇ ಇಟ್ಟರೆ ತೊಂದರೆ ಇದೆಯಾ? ಎಡಿಟ್ ಆದಮೇಲೆ ಡಿಸ್ಕ್‌ನಲ್ಲಿ ಹೆಸರು ಬದಲಾಗಿಬಿಟ್ಟ ಕ್ಲಿಪ್‌ಗಳನ್ನು ಮತ್ತೆ ಜೋಡಿಸುವುದು ಹೇಗೆ? ಪ್ರೀಮಿಯರ್ ಬಗ್ಗೆ ಗೊತ್ತಿರುವವರೂ ಹೇಳಿ.

---

ನೋಡ್_ಗ್ರಾಫ್

ಸರ್, ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಿ. ಎಡಿಟಿಂಗ್‌ನಲ್ಲಿ ‘ಹೆಸರು’ ಅನ್ನೋದು ನಾಲ್ಕು ಕಡೆ ಇರುತ್ತೆ: ಪ್ರಾಜೆಕ್ಟ್, ಟೈಮ್‌ಲೈನ್, ಮೀಡಿಯಾ ಪೂಲ್‌ನಲ್ಲಿ (ಪ್ರಾಜೆಕ್ಟ್‌ಗೆ ತಂದ ಕ್ಲಿಪ್‌ಗಳ ಪಟ್ಟಿ) ಕಾಣುವ ಕ್ಲಿಪ್, ಡಿಸ್ಕ್ ಮೇಲಿನ ಫೈಲ್. ಮೊದಲ ಮೂರನ್ನು ರಿಸಾಲ್ವ್ ಒಳಗೆ ಎಷ್ಟು ಸಲ ಬೇಕಾದರೂ ಬದಲಿಸಿ, ಏನೂ ಆಗಲ್ಲ. ಕೊಂಡಿ ಕಟ್ಟಿರುವುದು ನಾಲ್ಕನೆಯದಕ್ಕೆ, ಅದೂ ಬರೀ ಹೆಸರಿಗಲ್ಲ, ಡ್ರೈವ್ ಅಕ್ಷರದಿಂದ ಹಿಡಿದು ಪೂರ್ತಿ ದಾರಿಗೆ. ಆ ದಾರಿಯಲ್ಲಿ ಯಾವ ಫೋಲ್ಡರ್ ಹೆಸರು ಬದಲಾದರೂ ಕ್ಲಿಪ್ ಕೆಂಪಾಗುತ್ತೆ, ಅಂದರೆ ಆಫ್‌ಲೈನ್: ರಿಸಾಲ್ವ್‌ಗೆ ಫೈಲ್ ಸಿಗಲ್ಲ.

ಪ್ರಾಜೆಕ್ಟ್ ಹೆಸರು: ತೆರೆದಿರುವ ಪ್ರಾಜೆಕ್ಟ್ ಆದರೆ ಸೇವ್ ಮಾಡಿ ಮುಚ್ಚಿ. ಶಿಫ್ಟ್+1 ಒತ್ತಿ (ಅಥವಾ ಬಲಗಡೆ ಕೆಳಮೂಲೆಯ ಮನೆ ಚಿಹ್ನೆ). ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್, ರೀನೇಮ್. ಮುಗೀತು. ‘ಸೇವ್ ಪ್ರಾಜೆಕ್ಟ್ ಆ್ಯಸ್’ ಬಳಸಬೇಡಿ. ಅದು ಹೆಸರು ಬದಲಿಸಲ್ಲ, ಹೊಸ ಹೆಸರಲ್ಲಿ ಇನ್ನೊಂದು ಪ್ರತಿ ಮಾಡುತ್ತೆ, ಹಳೇದು ಅಲ್ಲೇ ಉಳಿಯುತ್ತೆ. ‘ಫೈನಲ್ 2’ಗಳು ಹುಟ್ಟೋದೇ ಹೀಗೆ. ಆಮೇಲೆ ಕರೆಕ್ಷನ್ ಯಾವುದರಲ್ಲಿ ಮಾಡಿದ್ದು ಅಂತ ಯಾರಿಗೂ ಗೊತ್ತಿರಲ್ಲ.

ಇನ್ನೊಂದು ಎಚ್ಚರಿಕೆ. ರಿಸಾಲ್ವ್ ಪ್ರಾಜೆಕ್ಟ್ ಅಂದರೆ ಎಲ್ಲೋ ಒಂದು ಕಡೆ ಕೂತಿರುವ ಒಂಟಿ ಫೈಲ್ ಅಲ್ಲ, ಡೇಟಾಬೇಸ್‌ನ ಒಂದು ದಾಖಲೆ. 18ರಿಂದ ಇದನ್ನೇ ಪ್ರಾಜೆಕ್ಟ್ ಲೈಬ್ರರಿ ಅಂತ ಕರೀತಾರೆ. ಲೈಬ್ರರಿ ಫೋಲ್ಡರ್ ಒಳಗೆ ಇಳಿದರೆ ‘ರಿಸಾಲ್ವ್ ಪ್ರಾಜೆಕ್ಟ್ಸ್’, ‘ಯೂಸರ್ಸ್’, ‘ಗೆಸ್ಟ್’, ‘ಪ್ರಾಜೆಕ್ಟ್ಸ್’ ಅಂತ ಹೋಗಿ ನಿಮ್ಮ ಪ್ರಾಜೆಕ್ಟ್ ಹೆಸರಿನದೇ ಫೋಲ್ಡರ್, ಅದರೊಳಗೆ ‘ಪ್ರಾಜೆಕ್ಟ್.ಡಿಬಿ’ ಅನ್ನೋ ಫೈಲ್ ಕಾಣುತ್ತೆ. ಕಂಡಿತು ಅಂತ ಎಕ್ಸ್‌ಪ್ಲೋರರ್‌ನಲ್ಲಿ ಎಫ್2 ಒತ್ತಿ ಅದರ ಹೆಸರು ತಿದ್ದಬೇಡಿ. ಆ ಜಾಗ ರಿಸಾಲ್ವ್‌ನದು, ನಮ್ಮದಲ್ಲ.

ಫೋಲ್ಡರ್: ಪ್ರಾಜೆಕ್ಟ್ ಮ್ಯಾನೇಜರ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ನ್ಯೂ ಫೋಲ್ಡರ್. ಪ್ರಾಜೆಕ್ಟ್‌ಗಳನ್ನು ಎಳೆದು ಹಾಕಬಹುದು, ಕಟ್-ಪೇಸ್ಟ್ ಕೂಡ ನಡೆಯುತ್ತೆ. ಇದರಿಂದ ಡಿಸ್ಕ್‌ನಲ್ಲಿರುವ ಫುಟೇಜ್ ಒಂದಿಂಚೂ ಅಲುಗಾಡಲ್ಲ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥ ಕೆಲಸಕ್ಕೆ ವರ್ಷಕ್ಕೊಂದು ಲೈಬ್ರರಿ, ಅದರೊಳಗೆ ತಿಂಗಳಿಗೊಂದು ಫೋಲ್ಡರ್ ಸಾಕು. ಲೈಬ್ರರಿ ಬೇರೆ ಬೇರೆ ಇದ್ದರೆ ಬ್ಯಾಕಪ್ ತೆಗೆಯೋದೂ ಸಲೀಸು. ಎಡಬದಿಯ ಪಟ್ಟಿಯಲ್ಲಿ ಲೈಬ್ರರಿ ಆರಿಸಿದರೆ ಬ್ಯಾಕಪ್ ಆಯ್ಕೆ ಅಲ್ಲೇ ಸಿಗುತ್ತೆ. ಪ್ರಿಫರೆನ್ಸಸ್, ಯೂಸರ್, ‘ಪ್ರಾಜೆಕ್ಟ್ ಸೇವ್ ಆ್ಯಂಡ್ ಲೋಡ್’ಗೆ ಹೋಗಿ ಲೈವ್ ಸೇವ್ ಮತ್ತು ಪ್ರಾಜೆಕ್ಟ್ ಬ್ಯಾಕಪ್ಸ್ ಎರಡಕ್ಕೂ ಟಿಕ್ ಇದೆಯಾ ನೋಡಿ. ಬ್ಯಾಕಪ್ ಜಾಗವನ್ನು ಲೈಬ್ರರಿ ಇರುವ ಡ್ರೈವ್ ಬಿಟ್ಟು ಬೇರೆ ಡ್ರೈವ್‌ಗೆ ಕೊಡಿ. ಹೆಸರು ಬದಲಿಸುವ ದೊಡ್ಡ ಕೆಲಸ ಶುರು ಮಾಡುವ ಮುಂಚೆ ಲೈಬ್ರರಿ ಬ್ಯಾಕಪ್ ಒಂದು ತೆಗೆದಿಡಿ.

ಹೆಸರಿನ ಕ್ರಮ: ಮೊದಲು ವರ್ಷ, ಆಮೇಲೆ ತಿಂಗಳು, ದಿನ. 2025-02-14 ಅಂತ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ತಾನಾಗೇ ದಿನಾಂಕದ ಕ್ರಮ ಬರುತ್ತೆ. 14-02-2025 ಅಂದರೆ ಎಲ್ಲಾ ತಿಂಗಳ 14ನೇ ತಾರೀಕುಗಳು ಒಟ್ಟಿಗೆ ಬಂದು ಕೂರುತ್ತವೆ. ದಿನಾಂಕ ಆದಮೇಲೆ ಊರು, ಮನೆತನ ಅಥವಾ ಜೋಡಿಯ ಹೆಸರು, ಕಾರ್ಯಕ್ರಮ. ‘ಮದುವೆ’ ಅನ್ನೋ ಪದ ಕೊನೆಗಿರಲಿ. ಮೊದಲಿಟ್ಟರೆ ಇಡೀ ಪಟ್ಟಿ ‘ಮದುವೆ, ಮದುವೆ, ಮದುವೆ’ ಅಂತ ಕಂಡು ಥಂಬ್‌ನೇಲ್ ಕೆಳಗೆ ಮುಖ್ಯ ಭಾಗವೇ ಕತ್ತರಿಸಿ ಹೋಗುತ್ತೆ.

ಆವೃತ್ತಿ ಸಂಖ್ಯೆ ಪ್ರಾಜೆಕ್ಟ್‌ಗೆ ಬೇಡ, ಟೈಮ್‌ಲೈನ್‌ಗೆ ಕೊಡಿ. ಒಂದು ಮದುವೆಗೆ ಒಂದೇ ಪ್ರಾಜೆಕ್ಟ್. ಪಾರ್ಟಿಯವರಿಗೆ ಕಳಿಸುವ ಮುಂಚೆ ಮೀಡಿಯಾ ಪೂಲ್‌ನಲ್ಲಿ ಟೈಮ್‌ಲೈನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡೂಪ್ಲಿಕೇಟ್ ಟೈಮ್‌ಲೈನ್’, ಅದಕ್ಕೆ ವಿ02 ಅಂತ ಹೆಸರು. ಕರೆಕ್ಷನ್ ಅದರಲ್ಲಿ. ಸಂಖ್ಯೆ ಯಾವಾಗಲೂ ಎರಡಂಕಿ, ಇಲ್ಲದಿದ್ದರೆ 10 ಬಂದು 2ರ ಮುಂದೆ ಕೂರುತ್ತೆ. ಇದರ ಲಾಭ ಡೆಲಿವರ್ ಪೇಜ್‌ನಲ್ಲಿ ಗೊತ್ತಾಗುತ್ತೆ: ಫೈಲ್ ಟ್ಯಾಬ್‌ನ ಕಸ್ಟಮ್ ನೇಮ್ ಜಾಗದಲ್ಲಿ % ಒತ್ತಿದರೆ ಪಟ್ಟಿ ಇಳಿಯುತ್ತೆ, ಟೈಮ್‌ಲೈನ್ ನೇಮ್ ಆರಿಸಿ. ಆಮೇಲೆ ಎಕ್ಸ್‌ಪೋರ್ಟ್ ಫೈಲ್ ತಾನಾಗೇ ಟೈಮ್‌ಲೈನ್ ಹೆಸರಲ್ಲೇ ಬರುತ್ತೆ. ‘ಫೈನಲ್’ ಅಂತ ಯಾವುದಕ್ಕೂ ಬರೆಯಬೇಡಿ, ಪಾರ್ಟಿಯವರು ಹಾಗೆ ಅಂದುಕೊಂಡಿರಲ್ಲ.

---

ಕಾರ್ಡ್_ರೀಡರ್

ಮೇಲಿನವರು ಹೇಳಿದ್ದು ಸರಿ. ಕ್ಯಾಮೆರಾ ಫೈಲ್ ಹೆಸರಿನ ಬಗ್ಗೆ ನಾನು ಸೇರಿಸುತ್ತೇನೆ. ನಿಜವಾದ ಗಂಡಾಂತರ ಇರುವುದೇ ಅಲ್ಲಿ.

ಎರಡು ಸೋನಿ ಕ್ಯಾಮೆರಾ, ತಲಾ ಎರಡು ಕಾರ್ಡ್ ಅಂದುಕೊಳ್ಳಿ. ಫಾರ್ಮ್ಯಾಟ್ ಮಾಡಿದಾಗಲೆಲ್ಲ ಎಣಿಕೆ ಮೊದಲಿಂದ ಶುರುವಾಗುವ ಸೆಟ್ಟಿಂಗ್ ಇದ್ದರೆ ನಾಲ್ಕು ಕಾರ್ಡ್‌ನಲ್ಲೂ ‘ಸಿ0001.ಎಂಪಿ4’ ಇರುತ್ತೆ. ಟೈಮ್‌ಕೋಡ್ (ಪ್ರತಿ ಫ್ರೇಮ್‌ಗೂ ಕ್ಯಾಮೆರಾ ಬರೆಯುವ ಸಮಯದ ಸಂಖ್ಯೆ) ಕೂಡ ಎಲ್ಲದರಲ್ಲೂ 00:00:00:00ಯಿಂದ ಶುರುವಾಗುವಂತೆ ಇಟ್ಟಿದ್ದರೆ ಕಥೆ ಮುಗಿಯಿತು. ಮುಂದೊಂದು ದಿನ ಹಾರ್ಡ್‌ಡಿಸ್ಕ್ ಬದಲಿಸಿ ರೀಲಿಂಕ್ (ಕ್ಲಿಪ್‌ಗೆ ಫೈಲನ್ನು ಮತ್ತೆ ಜೋಡಿಸುವುದು) ಮಾಡುವಾಗ ತಂತ್ರಾಂಶ ಹುಡುಕುವುದು ಹೆಸರು ಮತ್ತು ಟೈಮ್‌ಕೋಡ್. ಧಾರೆಯ ಶಾಟ್ ಇರಬೇಕಾದ ಕಡೆ ಊಟದ ಪಂಕ್ತಿ ಬಂದು ಕೂರುತ್ತೆ. ಕೆಂಪು ಬಣ್ಣ ಬರುವುದಿಲ್ಲ, ಎಚ್ಚರಿಕೆ ಬರುವುದಿಲ್ಲ, ಯಾಕೆಂದರೆ ತಂತ್ರಾಂಶದ ಮಟ್ಟಿಗೆ ಎಲ್ಲಾ ಸರಿಯಾಗಿದೆ. ಆಫ್‌ಲೈನ್ ಆಗುವುದಕ್ಕಿಂತ ಇದು ಕೆಟ್ಟದ್ದು.

ಹಾಗಾಗಿ ‘ಬದಲಿಸಬೇಕಾ’ ಅನ್ನುವುದಕ್ಕೆ ಉತ್ತರ ಕ್ಯಾಮೆರಾ ಮೇಲೆ ನಿಂತಿದೆ.

ಮೊದಲ ಆಯ್ಕೆ, ಕ್ಯಾಮೆರಾದಲ್ಲೇ ಸರಿಪಡಿಸುವುದು. ಹಲವು ಮಾದರಿಗಳಲ್ಲಿ ಫೈಲ್ ನಂಬರನ್ನು ‘ಸೀರೀಸ್’ ಅಥವಾ ‘ಕಂಟಿನ್ಯುಯಸ್’ ಮಾಡುವ ಆಯ್ಕೆ, ಹೆಸರಿನ ಮುಂದಿನ ಅಕ್ಷರಗಳನ್ನು ನಾವೇ ಕೊಡುವ ಆಯ್ಕೆ ಇರುತ್ತದೆ. ಎ ಕ್ಯಾಮೆರಾಗೆ ಒಂದು, ಬಿ ಕ್ಯಾಮೆರಾಗೆ ಇನ್ನೊಂದು. ಟೈಮ್‌ಕೋಡನ್ನು ‘ಫ್ರೀ ರನ್’ಗೆ ಹಾಕಿ ಗಡಿಯಾರದ ಸಮಯ ಕೊಡಿ. ಎರಡು ಕ್ಯಾಮೆರಾ ಸಿಂಕ್ ಮಾಡುವಾಗಲೂ ಅನುಕೂಲ.

ಎರಡನೆಯದು, ಕಾರ್ಡನ್ನು ಇದ್ದ ಹಾಗೇ ಪೂರ್ತಿ ಕಾಪಿ ಮಾಡಿ, ಹೊರಗಿನ ಫೋಲ್ಡರಿಗೆ ಮಾತ್ರ ಹೆಸರು ಕೊಡುವುದು: ‘ಕ್ಯಾಮ್‌ಎ_ಕಾರ್ಡ್01’ ಅಂತ. ಸೋನಿಯಲ್ಲಿ ‘ಎಂ4ರೂಟ್’ ಒಳಗೆ ‘ಕ್ಲಿಪ್’ ಫೋಲ್ಡರ್, ಅಲ್ಲಿ ಸಿ0001.ಎಂಪಿ4 ಪಕ್ಕದಲ್ಲೇ ಸಿ0001ಎಂ01.ಎಕ್ಸ್‌ಎಂಎಲ್ ಇರುತ್ತದೆ. ಪ್ರಾಕ್ಸಿ (ಎಡಿಟ್‌ಗೆ ಹಗುರವಾದ ಸಣ್ಣ ಪ್ರತಿ) ರೆಕಾರ್ಡಿಂಗ್ ಆನ್ ಇದ್ದರೆ ‘ಸಬ್’ ಫೋಲ್ಡರ್‌ನಲ್ಲಿ ಸಿ0001ಎಸ್03.ಎಂಪಿ4. ದೊಡ್ಡ ಫೈಲ್ ಒಂದರ ಹೆಸರು ಮಾತ್ರ ಬದಲಿಸಿದರೆ ಇವೆರಡೂ ಅನಾಥ. ಹಳೆಯ ಎವಿಸಿಎಚ್‌ಡಿ ಕ್ಯಾಮ್‌ಕಾರ್ಡರ್ ಆದರೆ ಒಳಗೆ ಕೈ ಹಾಕಲೇಬೇಡಿ. ‘ಸ್ಟ್ರೀಮ್’ ಫೋಲ್ಡರ್‌ನ 00000.ಎಂಟಿಎಸ್, 00001.ಎಂಟಿಎಸ್ ಒಂದೇ ಉದ್ದದ ರೆಕಾರ್ಡಿಂಗ್‌ನ ತುಂಡುಗಳಾಗಿರಬಹುದು. ಅವನ್ನು ಒಂದಾಗಿ ಓದುವ ಮಾಹಿತಿ ಬೇರೆ ಫೈಲ್‌ನಲ್ಲಿದೆ. ಹೆಸರು ಬದಲಿಸಿ ಬಿಡಿಬಿಡಿಯಾಗಿ ಎಳೆದು ಹಾಕಿದರೆ ಸೇರುವ ಜಾಗದಲ್ಲಿ ಮಂತ್ರಘೋಷದ ಆಡಿಯೋ ಗಕ್ಕನೆ ಮುರಿಯುತ್ತದೆ.

ಮೂರನೆಯದು, ಫೈಲ್ ಹೆಸರನ್ನೇ ಬದಲಿಸುವುದು. ಬಿಡಿ ಎಂಪಿ4 ಕೊಡುವ ಕ್ಯಾಮೆರಾ, ಡ್ರೋನ್, ಮೊಬೈಲ್‌ಗಳಿಗೆ ಇದು ನಡೆಯುತ್ತದೆ. ಆದರೆ ಕಾಪಿ ಮಾಡಿದ ತಕ್ಷಣ, ಇಂಪೋರ್ಟ್‌ಗೆ ಮುಂಚೆ, ಒಂದೇ ಸಲ. ಹಳೆಯ ಹೆಸರನ್ನು ಅಳಿಸಬೇಡಿ, ಮುಂದೆ ಸೇರಿಸಿ: ‘20250214_ಎ_’ ಆಮೇಲೆ ಕ್ಯಾಮೆರಾ ಕೊಟ್ಟಿದ್ದು. ಕಾರ್ಡ್‌ನ ಮೂಲ ಪ್ರತಿ ಜೊತೆ ತಾಳೆ ನೋಡಬೇಕಾದಾಗ ಬೇಕಾಗುತ್ತದೆ. ಮೈಕ್ರೋಸಾಫ್ಟ್ ಪವರ್‌ಟಾಯ್ಸ್‌ನ ಪವರ್‌ರೀನೇಮ್ ಸಾಕು, ಉಚಿತ, ಬದಲಾವಣೆ ಹೇಗೆ ಕಾಣುತ್ತದೆ ಅನ್ನುವುದನ್ನು ಮೊದಲೇ ತೋರಿಸುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಎಲ್ಲಾ ಆರಿಸಿ ಎಫ್2 ಒತ್ತುವ ದಾರಿ ಬೇಡ. ಅದು ಹಳೆಯ ಹೆಸರು ಅಳಿಸಿ (1), (2), (10) ಅಂತ ಸೊನ್ನೆ ಇಲ್ಲದ ಸಂಖ್ಯೆ ಹಾಕುತ್ತದೆ.

ಗೋಪ್ರೋ ಇದ್ದವರು ಇದನ್ನು ಗಮನಿಸಿ. ಹೊಸ ಮಾದರಿಗಳಲ್ಲಿ ‘ಜಿಎಕ್ಸ್010123’ ಅಂದರೆ ಜಿಎಕ್ಸ್ ಎಚ್‌ಇವಿಸಿ ಕೋಡೆಕ್ (ಜಿಎಚ್ ಆದರೆ ಎವಿಸಿ), 01 ಅಧ್ಯಾಯ, 0123 ಕ್ಲಿಪ್ ಸಂಖ್ಯೆ. ಉದ್ದದ ರೆಕಾರ್ಡಿಂಗ್ ತುಂಡಾದಾಗ ಮುಂದಿನದು ‘ಜಿಎಕ್ಸ್020123’. ಹೆಸರಿನ ಪ್ರಕಾರ ಜೋಡಿಸಿದರೆ 010123, 010124, 020123 ಅಂತ ಬರುತ್ತದೆ. ಅಂದರೆ ಒಂದೇ ಕ್ಲಿಪ್‌ನ ಎರಡನೇ ಭಾಗ ಎಲ್ಲೋ ಕೆಳಗೆ ಬಿದ್ದಿರುತ್ತದೆ. ಪವರ್‌ರೀನೇಮ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಯಲ್ಲಿ ಕೊನೆಯ ನಾಲ್ಕಂಕಿಯನ್ನು ಮುಂದೆ, ಅಧ್ಯಾಯವನ್ನು ಹಿಂದೆ ತಂದು ‘0123_01’, ‘0123_02’ ಮಾಡಿದರೆ ಸರಿಯಾದ ಕ್ರಮ ಬರುತ್ತದೆ.

ದಿನಾಂಕ ಸಮಯ ನೋಡಿ ತಾನಾಗೇ ಹೆಸರಿಡಲು ಎಕ್ಸಿಫ್‌ಟೂಲ್ ಬಳಸುವವರಿಗೆ: ಎಂಪಿ4, ಎಂಒವಿ ಫೈಲ್‌ಗಳ ಒಳಗಿನ ‘ಕ್ರಿಯೇಟ್ ಡೇಟ್’ ನಿಯಮದ ಪ್ರಕಾರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇರಬೇಕು. ಮೊಬೈಲ್‌ಗಳು ಹಾಗೇ ಬರೆಯುತ್ತವೆ, ಎಷ್ಟೋ ಕ್ಯಾಮೆರಾಗಳು ಸ್ಥಳೀಯ ಸಮಯವನ್ನೇ ಬರೆಯುತ್ತವೆ. ನಮಗೂ ಯುಟಿಸಿಗೂ 5 ಗಂಟೆ 30 ನಿಮಿಷ ವ್ಯತ್ಯಾಸ. 14ನೇ ತಾರೀಕು ಬೆಳಗಿನ ಜಾವ 4:45ರ ಮುಹೂರ್ತವನ್ನು ಮೊಬೈಲಿನಲ್ಲಿ ತೆಗೆದಿದ್ದರೆ ಫೈಲ್ 13ನೇ ತಾರೀಕು ರಾತ್ರಿ 23:15 ಅಂತ ಹೆಸರು ಪಡೆದು ಹಿಂದಿನ ದಿನದ ವರಪೂಜೆ ಜೊತೆ ಸೇರಿಕೊಳ್ಳುತ್ತದೆ. ‘ಕ್ವಿಕ್‌ಟೈಮ್‌ಯುಟಿಸಿ’ ಅನ್ನುವ ಎಪಿಐ ಆಯ್ಕೆಯನ್ನು ಮೊಬೈಲ್ ಫೈಲ್‌ಗಳಿಗೆ ಮಾತ್ರ ಕೊಟ್ಟು, ಕ್ಯಾಮೆರಾ ಫೈಲ್‌ಗಳನ್ನು ಬೇರೆಯಾಗಿ ಓಡಿಸಿ.

---

ಹುಬ್ಬಳ್ಳಿ_ಕಟ್

ಪ್ರೀಮಿಯರ್ ಬಗ್ಗೆ ನಾ ಹೇಳ್ತೀನ್ರಿ. ಇಲ್ಲಿ ಲೆಕ್ಕಾನ ಬ್ಯಾರೆ ಐತಿ.

ಪ್ರೀಮಿಯರ್ ಪ್ರಾಜೆಕ್ಟ್ ಅಂದ್ರ ಡಿಸ್ಕ್ ಮ್ಯಾಲಿನ ಒಂದು ಪಿಆರ್‌ಪ್ರಾಜ್ ಫೈಲ್. ಪ್ರೀಮಿಯರ್ ಮುಚ್ಚಿ, ಎಕ್ಸ್‌ಪ್ಲೋರರ್‌ನ್ಯಾಗ ಆ ಫೈಲಿನ ಹೆಸರು ಬದಲಿ ಮಾಡ್ರಿ, ಕ್ಲಿಪ್ ಎಲ್ಲಾ ಸರಿ ಇರ್ತಾವು. ಒಳಗಿಂದ ರೀನೇಮ್ ಅಂತ ಮೆನು ಇಲ್ಲ. ಫೈಲ್ ಮೆನುವಿನ್ಯಾಗ ‘ಸೇವ್ ಆ್ಯಸ್’ ಕೊಟ್ರ ಹೊಸ ಹೆಸರಿನ ಫೈಲಿನ್ಯಾಗ ಕೆಲಸ ಮುಂದುವರೀತೈತಿ. ‘ಸೇವ್ ಎ ಕಾಪಿ’ ಕೊಟ್ರ ಪ್ರತಿ ಮಾಡಿ ಇಟ್ಟು ನೀವು ಹಳೇದರಾಗ ಉಳೀತೀರಿ. ಇವೆರಡರ ಫರಕ್ ತಿಳಕೊಳ್ಳದ ಒಂದರಾಗ ಮಾಡಿದ ಕೆಲಸ ಇನ್ನೊಂದರಾಗ ಹುಡುಕೋ ಮಂದಿ ಬಾಳ.

ಹೆಸರು ಬದಲಾದ ಮ್ಯಾಲೆ ತಪ್ಪಿ ಹೋಗೂದು ಪ್ರಿವ್ಯೂ ಫೈಲ್. ಸ್ಕ್ರ್ಯಾಚ್ ಡಿಸ್ಕ್ ‘ಸೇಮ್ ಆ್ಯಸ್ ಪ್ರಾಜೆಕ್ಟ್’ ಇದ್ದರ ‘ವಿಡಿಯೋ ಪ್ರಿವ್ಯೂಸ್’ ಫೋಲ್ಡರಿನೊಳಗ ಪ್ರಾಜೆಕ್ಟ್ ಹೆಸರಿನದ, ಕೊನೀಗೆ ಪಿಆರ್‌ವಿ ಅಂತ ಇರೋ ಫೋಲ್ಡರ್ ಇರ್ತೈತಿ. ತೆರೆದಾಗ ಪ್ರಿವ್ಯೂ ಎಲ್ಲಿ ಅಂತ ಕೇಳಿದ್ರ ಹಳೇ ಫೋಲ್ಡರ್ ತೋರಸ್ರಿ, ಇಲ್ಲಂದ್ರ ಬಿಟ್ಟು ಮತ್ತ ರೆಂಡರ್ ಮಾಡ್ರಿ. ನಷ್ಟ ಬರೀ ಸಮಯದ್ದು. ಆಟೋ-ಸೇವ್ ಫೋಲ್ಡರಿನ್ಯಾಗ ಹಳೇ ಪ್ರತಿಗಳು ಹಳೇ ಹೆಸರಿನ್ಯಾಗ ಉಳೀತಾವು. ಮುಂದ ಯಾವಾಗರ ಪ್ರಾಜೆಕ್ಟ್ ಕೆಟ್ಟಾಗ ಹೊಸ ಹೆಸರು ಹುಡುಕಿದ್ರ ಹಳೇ ಪ್ರತಿ ಸಿಗೂದಿಲ್ಲ, ಇದನ್ನ ನೆನಪಿಡ್ರಿ.

ಆಫ್ಟರ್ ಎಫೆಕ್ಟ್ಸ್ ಟೈಟಲ್ ಡೈನಾಮಿಕ್ ಲಿಂಕ್ ಮಾಡಿದ್ದರ ಆ ಎಇಪಿ ಫೈಲಿನ ಹೆಸರಿಗೆ ಕೈ ಹಚ್ಚಬ್ಯಾಡ್ರಿ, ಅದೂ ಒಂದು ಕ್ಲಿಪ್ ಇದ್ದಂಗ. ‘ಪ್ರೊಡಕ್ಷನ್ಸ್’ ವ್ಯವಸ್ಥೆಯೊಳಗ ಕೆಲಸ ಮಾಡೋರು ಹೊರಗಿಂದ ಹೆಸರು ಬದಲಿ ಮಾಡಬಾರದು, ಪ್ರೊಡಕ್ಷನ್ ಪ್ಯಾನೆಲ್‌ನ್ಯಾಗ ಮಾಡಬೇಕು.

ಒಂದು ಅನುಕೂಲ ಏನಂದ್ರ, ಪ್ರೀಮಿಯರ್ ಪೂರ್ತಿ ದಾರಿ ಜೋಡಿ ಪ್ರಾಜೆಕ್ಟ್ ಫೈಲಿನಿಂದ ಎಣಿಸಿದ ದಾರೀನೂ ಬರಕೊಂಡಿರ್ತೈತಿ. ಪ್ರಾಜೆಕ್ಟ್, ಫುಟೇಜ್, ಆಡಿಯೋ ಎಲ್ಲಾ ಒಂದ ದೊಡ್ಡ ಫೋಲ್ಡರಿನ್ಯಾಗ ಇದ್ದು, ಆ ಇಡೀ ಫೋಲ್ಡರ್ ಬ್ಯಾರೆ ಡಿಸ್ಕಿಗೆ ಹೋದ್ರ ಬಾಳ ಸಲ ಏನೂ ಕೇಳದ ತೆರೀತೈತಿ. ಅದಕ್ಕ ಹೊರಗಿನ ದೊಡ್ಡ ಫೋಲ್ಡರಿನ ಹೆಸರು ಬೇಕಾದ್ರ ಬದಲಿಸ್ರಿ, ಒಳಗಿನವನ್ನ ಬಿಡ್ರಿ.

ಕೆಲಸ ಮುಗಿದ ಮ್ಯಾಲೆ ಫೈಲ್ ಮೆನುವಿನ ‘ಪ್ರಾಜೆಕ್ಟ್ ಮ್ಯಾನೇಜರ್’ ತಗೀರಿ (ರಿಸಾಲ್ವ್‌ನ್ಯಾಗ ಇದ ಹೆಸರಿನ ಬ್ಯಾರೆ ವಸ್ತು ಐತಿ, ಗೊಂದಲ ಆಗಬ್ಯಾಡ್ರಿ). ‘ಕಲೆಕ್ಟ್ ಫೈಲ್ಸ್ ಆ್ಯಂಡ್ ಕಾಪಿ ಟು ನ್ಯೂ ಲೊಕೇಶನ್’ ಆರಿಸ್ರಿ. ಅಲ್ಲೇ ‘ರೀನೇಮ್ ಮೀಡಿಯಾ ಫೈಲ್ಸ್ ಟು ಮ್ಯಾಚ್ ಕ್ಲಿಪ್ ನೇಮ್ಸ್’ ಅಂತ ಟಿಕ್ ಐತಿ. ಬಿನ್ನಿನೊಳಗ (ಪ್ರಾಜೆಕ್ಟ್ ಒಳಗಿನ ಫೋಲ್ಡರ್) ನೀವು ಕೊಟ್ಟ ಹೆಸರ ಡಿಸ್ಕ್ ಮ್ಯಾಲಿನ ಪ್ರತಿಗೂ ಬರ್ತೈತಿ, ಕೊಂಡಿ ಸಮೇತ. ಎಡಿಟ್ ಆದ ಮ್ಯಾಲೆ ಫೈಲ್ ಹೆಸರು ಬದಲಿಸಬೇಕಂದ್ರ ಪ್ರೀಮಿಯರ್‌ನ್ಯಾಗ ಇದ ಸರಿಯಾದ ದಾರಿ. ಮೂಲ ಫೈಲ್ ಹಂಗ ಉಳೀತಾವು, ಅದಕ್ಕ ಡಿಸ್ಕಿನ್ಯಾಗ ಜಾಗ ನೋಡಕೊಳ್ರಿ.

---

ಅರ್ಕಾವತ್ತು

ಕನ್ನಡದ ಹೆಸರುಗಳ ಬಗ್ಗೆ: ತಂತ್ರಾಂಶದ ಒಳಗೆ ಧಾರಾಳವಾಗಿ ಇಡಿ. ಬಿನ್, ಮಾರ್ಕರ್, ಕ್ಲಿಪ್ ನೇಮ್ ಎಲ್ಲ ಕಡೆಯೂ (ಟೈಮ್‌ಲೈನ್ ಹೆಸರು ಎಕ್ಸ್‌ಪೋರ್ಟ್ ಫೈಲ್‌ಗೂ ಬರುವಂತೆ ಇಟ್ಟಿದ್ದರೆ ಅದು ಇಂಗ್ಲಿಷ್ ಅಕ್ಷರದಲ್ಲೇ ಇರಲಿ). ಡಿಸ್ಕ್ ಮೇಲಿನ ಫೋಲ್ಡರ್ ಮತ್ತು ಫೈಲ್‌ಗಳಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್ ಬಿಟ್ಟು ಬೇರೆ ಬೇಡ. ಇಲ್ಲಿ ಎಲ್ಲರೂ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದಾರೆ. ಡಿಸ್ಕ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಭಾಷಾಭಿಮಾನದ ಪ್ರಶ್ನೆಯಲ್ಲ, ಕಾರಣಗಳು ತಾಂತ್ರಿಕ.

ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಓತ್ವವನ್ನು ಎರಡು ರೀತಿ ಬರೆಯಬಹುದು: ಒಂದೇ ಚಿಹ್ನೆಯಾಗಿ, ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡಾಗಿ. ಈ, ಏ, ಐ, ಒ ಸ್ವರಚಿಹ್ನೆಗಳೂ ಹೀಗೆಯೇ ಎರಡೆರಡು ತುಂಡಾಗಬಲ್ಲವು. ಪರದೆಯ ಮೇಲೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತದೆ. ವಿಂಡೋಸ್ ನೀವು ಕೊಟ್ಟ ಹಾಗೇ ಇಡುತ್ತದೆ ಮತ್ತು ಎರಡನ್ನೂ ಬೇರೆ ಬೇರೆ ಹೆಸರೆಂದೇ ತಿಳಿಯುತ್ತದೆ. ‘ಕೋಲಾಟ’ ಎಂಬ ಕ್ಲಿಪ್ ಮ್ಯಾಕ್ ಇರುವ ಕಲರಿಸ್ಟ್ (ವಿಡಿಯೋದ ಬಣ್ಣ ತಿದ್ದುವವರು) ಬಳಿ ಹೋಗಿ ಬಂದರೆ, ಅದೇ ಫೋಲ್ಡರ್, ಅದೇ ಹೆಸರು, ಆದರೂ ಆಫ್‌ಲೈನ್. ಕಣ್ಣಿಗೆ ವ್ಯತ್ಯಾಸವೇ ಕಾಣದಿರುವುದರಿಂದ ಯಾಕೆ ಎಂದು ಹೊಳೆಯುವುದೂ ಇಲ್ಲ.

ಇನ್ನೊಂದು, ಕಾಣದ ಅಕ್ಷರಗಳು. ‘ಬ್ಯಾಕ್‌ಅಪ್’ ಎಂಬ ಪದದ ಮಧ್ಯೆ ಕೆಲವು ಕೀಬೋರ್ಡ್‌ಗಳು ಜೋಡಿಸದಿರುವ ಚಿಹ್ನೆಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಎರಡೂ ಥೇಟ್ ಒಂದೇ ರೀತಿ ಕಾಣುತ್ತವೆ. ಮೊಬೈಲಿನಲ್ಲಿ ಹೆಸರಿಟ್ಟ ಫೋಲ್ಡರನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗದಿರಲು ಇದೇ ಕಾರಣ.

ಮೂರನೆಯದು ಉದ್ದ. ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ‘ಮುಹೂರ್ತ’ ಎಂಬ ಮೂರಕ್ಷರದ ಪದದಲ್ಲಿ ಒಳಗೆ ಇರುವುದು 7 ಚಿಹ್ನೆ, ಅಂದರೆ 21 ಬೈಟ್. ಒಟ್ಟು 85 ಚಿಹ್ನೆಗೆ ಮಿತಿ ಮುಗಿಯುತ್ತದೆ. ಲಿನಕ್ಸ್ ಆಧಾರಿತ ನ್ಯಾಸ್‌ಗೆ (ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಕಾಪಿ ಮಾಡುವಾಗ ಉದ್ದ ಹೆಸರಿನ ಕೆಲವು ಫೈಲ್‌ಗಳಷ್ಟೇ ಹೋಗದೆ ಉಳಿಯುವುದು ಇದರಿಂದ. ವಿಂಡೋಸ್‌ನದು ಬೇರೆ ಕಷ್ಟ: ಅನೇಕ ಪ್ರೋಗ್ರಾಂಗಳಿಗೆ ಇಡೀ ದಾರಿ 260 ಚಿಹ್ನೆ ದಾಟುವಂತಿಲ್ಲ. ಫೋಲ್ಡರೊಳಗೆ ಫೋಲ್ಡರ್ ಮಾಡಿ ಪ್ರತಿಯೊಂದಕ್ಕೂ ಗಂಡು-ಹೆಣ್ಣಿನ ಹೆಸರು, ಊರು, ಛತ್ರದ ಹೆಸರು ಬರೆದರೆ ಬೇಗ ತಲುಪುತ್ತೀರಿ. ಊರು, ಹೆಸರು ಹೊರಗಿನ ಫೋಲ್ಡರಿಗೆ ಒಮ್ಮೆ ಸಾಕು. ದಿನಾಂಕಕ್ಕೆ ಓರೆಗೆರೆ, ಸಮಯಕ್ಕೆ ಕೋಲನ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ, ಅದು ಗೊತ್ತಿರುವುದೇ.

---

ಧಾರೆ_ಕ್ಯಾಮ್

ತುಂಬಾ ಧನ್ಯವಾದ ಎಲ್ಲರಿಗೂ. ಎರಡು ಉಳಿದಿವೆ. ರಿಸಾಲ್ವ್ ಒಳಗೆ ಬಿನ್‌ಗಳನ್ನು ಹೇಗೆ ಜೋಡಿಸೋದು, ಮತ್ತೆ ಹೆಸರು ಬದಲಾದ ಫೈಲ್‌ಗಳ ರೀಲಿಂಕ್. ಹಾರ್ಡ್‌ಡಿಸ್ಕ್ ಬೇರೆ ಪೋರ್ಟ್‌ಗೆ ಹಾಕಿದಾಗ ಒಂದೊಂದು ಸಲ ಎಲ್ಲವೂ ಆಫ್‌ಲೈನ್ ತೋರಿಸುತ್ತೆ, ಅದೂ ಇದೇ ಕಾರಣಕ್ಕಾ?

---

ನೋಡ್_ಗ್ರಾಫ್

ಕೊನೆಯದು ಸುಲಭ, ಅದನ್ನೇ ಮೊದಲು ಹೇಳ್ತೀನಿ. ವಿಂಡೋಸ್ ಆ ಡಿಸ್ಕ್‌ಗೆ ಒಮ್ಮೆ ಇ, ಇನ್ನೊಮ್ಮೆ ಎಫ್ ಅಂತ ಅಕ್ಷರ ಕೊಡ್ತಿದೆ. ದಾರಿಯ ಮೊದಲ ಅಕ್ಷರವೇ ಬದಲಾದರೆ ಎಲ್ಲಾ ಹೋದ ಹಾಗೆ. ರೀಲಿಂಕ್ ಮಾಡಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಆ ಡ್ರೈವ್ ಮೇಲೆ ರೈಟ್ ಕ್ಲಿಕ್, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’, ಹಳೇ ಅಕ್ಷರ ವಾಪಸ್ ಕೊಡಿ. ಹೊಸ ಡಿಸ್ಕ್ ತಂದಾಗ ಮೊದಲ ದಿನವೇ ವರ್ಣಮಾಲೆಯ ಕೊನೆಯ ಕಡೆಯದು ಯಾವುದಾದರೂ ಕೊಟ್ಟುಬಿಡಿ, ವಿ ಅಥವಾ ಡಬ್ಲ್ಯೂ. ಪೆನ್‌ಡ್ರೈವ್ ಬಂದು ಆ ಜಾಗ ಹಿಡಿಯಲ್ಲ.

ಬಿನ್‌ಗಳಿಗೆ ಮುಂದೆ ಅಂಕಿ ಹಾಕಿ. ಹಾಕದಿದ್ದರೆ ಅಕಾರಾದಿ ಕ್ರಮದಲ್ಲಿ ಶಾಸ್ತ್ರಗಳ ಪೈಕಿ ಆರತಕ್ಷತೆ ಮೊದಲು, ವರಪೂಜೆ ಕೊನೆಗೆ ಬರುತ್ತೆ. ನಿಮ್ಮ ಕೆಲಸಕ್ಕೆ ಹೀಗೆ ಸಾಕು:

00 ಟೈಮ್‌ಲೈನ್
01 ಚಪ್ಪರ, ದೇವರ ಕಾರ್ಯ
02 ವರಪೂಜೆ
03 ಮುಹೂರ್ತ, ಧಾರೆ
04 ಆರತಕ್ಷತೆ
05 ಡ್ರೋನ್
06 ಆಡಿಯೋ
07 ಫೋಟೋ, ಆಮಂತ್ರಣ ಪತ್ರಿಕೆ

ಕ್ಯಾಮೆರಾ ಪ್ರಕಾರ ಬಿನ್ ಮಾಡಬೇಡಿ, ಅದು ಡಿಸ್ಕ್ ಮೇಲಿನ ವಿಂಗಡಣೆ. ಎಡಿಟ್ ಮಾಡುವಾಗ ಬೇಕಾಗೋದು ಶಾಸ್ತ್ರದ ಪ್ರಕಾರ. ಇದನ್ನು ಖಾಲಿ ಪ್ರಾಜೆಕ್ಟ್‌ನಲ್ಲಿ ಒಮ್ಮೆ ಮಾಡಿ, ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’ ಕೊಟ್ಟರೆ ಡಿಆರ್‌ಪಿ ಫೈಲ್ ಬರುತ್ತೆ. ಪ್ರತಿ ಹೊಸ ಕೆಲಸಕ್ಕೆ ಅದನ್ನೇ ಇಂಪೋರ್ಟ್ ಮಾಡಿ ಹೆಸರು ಬದಲಿಸಿಕೊಳ್ಳಿ.

ಲೋಗೋ, ಹಿನ್ನೆಲೆ ಸಂಗೀತ ಇಂಥವನ್ನು ಪವರ್ ಬಿನ್‌ನಲ್ಲಿಡಿ (ವ್ಯೂ ಮೆನು, ‘ಶೋ ಪವರ್ ಬಿನ್ಸ್’). ಅದೇ ಲೈಬ್ರರಿಯ ಎಲ್ಲಾ ಪ್ರಾಜೆಕ್ಟ್‌ಗಳಲ್ಲೂ ಕಾಣುತ್ತೆ. ಆದರೆ ಅವೂ ಡಿಸ್ಕ್ ಫೈಲ್‌ಗಳೇ. ಆ ಸಾಮಾನ್ಯ ಫೋಲ್ಡರ್ ಹೆಸರು ಬದಲಿಸಿದರೆ ಒಂದಲ್ಲ, ಅದನ್ನು ಬಳಸಿದ ಎಲ್ಲಾ ಪ್ರಾಜೆಕ್ಟ್‌ನಲ್ಲೂ ಲೋಗೋ ಹೋಗುತ್ತೆ.

ಕ್ಲಿಪ್‌ಗೆ ಅರ್ಥವಾಗುವ ಹೆಸರು ಬೇಕಿದ್ದರೆ ಮೀಡಿಯಾ ಪೂಲ್‌ನಲ್ಲೇ ಕೊಡಿ. ಬದಲಾಗೋದು ‘ಕ್ಲಿಪ್ ನೇಮ್’ ಮಾತ್ರ, ‘ಫೈಲ್ ನೇಮ್’ ಹಾಗೇ ಇರುತ್ತೆ. ಲಿಸ್ಟ್ ವ್ಯೂನಲ್ಲಿ ಎರಡೂ ಕಾಲಂ ತೆರೆದಿಟ್ಟುಕೊಳ್ಳಿ. ವ್ಯೂ ಮೆನುವಿನಲ್ಲಿ ‘ಶೋ ಫೈಲ್ ನೇಮ್ಸ್’ ಆನ್ ಇದ್ದರೆ ನೀವು ಕೊಟ್ಟ ಹೆಸರು ಕಾಣಲ್ಲ, ಹೆಸರು ಉಳಿಯಲೇ ಇಲ್ಲ ಅಂತ ಗಾಬರಿ ಆಗೋದು ಇಲ್ಲೇ. ಹತ್ತಾರು ಕ್ಲಿಪ್‌ಗೆ ಒಟ್ಟಿಗೆ ಕೊಡಬೇಕಾದರೆ ಎಲ್ಲಾ ಆರಿಸಿ ರೈಟ್ ಕ್ಲಿಕ್, ‘ಕ್ಲಿಪ್ ಆಟ್ರಿಬ್ಯೂಟ್ಸ್’, ನೇಮ್ ಟ್ಯಾಬ್. ಅಲ್ಲೂ % ಒತ್ತಿ ಸೀನ್, ಶಾಟ್ ಥರದ ಮೆಟಾಡೇಟಾ ಸೇರಿಸಬಹುದು.

ಈಗ ರೀಲಿಂಕ್. ಫೈಲ್ ಹೆಸರು ಅದೇ ಇದ್ದು ಜಾಗ ಮಾತ್ರ ಬದಲಾಗಿದ್ದರೆ ಕ್ಲಿಪ್‌ಗಳನ್ನು ಆರಿಸಿ ‘ರೀಲಿಂಕ್ ಸೆಲೆಕ್ಟೆಡ್ ಕ್ಲಿಪ್ಸ್’, ಹೊಸ ಫೋಲ್ಡರ್ ತೋರಿಸಿ. ಒಳಗಿನ ವಿನ್ಯಾಸ ಹಾಗೇ ಇದ್ದು ಹೊರಗಿನ ಫೋಲ್ಡರ್ ಹೆಸರಷ್ಟೇ ಬದಲಾಗಿದ್ದರೆ ‘ಚೇಂಜ್ ಸೋರ್ಸ್ ಫೋಲ್ಡರ್’ ಇನ್ನೂ ಒಳ್ಳೇದು. ದಾರಿಯ ಆ ತುಂಡನ್ನು ಮಾತ್ರ ಬದಲಿಸುತ್ತೆ, ಕಾರ್ಡ್_ರೀಡರ್ ಹೇಳಿದ ಅದಲು-ಬದಲು ಆಗಲ್ಲ.

ಫೈಲ್ ಹೆಸರೇ ಬದಲಾಗಿದ್ದರೆ ಈ ಎರಡೂ ಸೋಲುತ್ತವೆ. ಈಗಷ್ಟೇ ಬದಲಾಗಿದ್ದು, ಎಕ್ಸ್‌ಪ್ಲೋರರ್ ಇನ್ನೂ ಮುಚ್ಚಿಲ್ಲ ಅಂದರೆ ಕಂಟ್ರೋಲ್+ಝಡ್, ಹಳೇ ಹೆಸರು ವಾಪಸ್. ಐದಾರು ಕ್ಲಿಪ್ ಆದರೆ ಒಂದೊಂದರ ಮೇಲೆ ರೈಟ್ ಕ್ಲಿಕ್ ಮಾಡಿ ‘ರೀಪ್ಲೇಸ್ ಸೆಲೆಕ್ಟೆಡ್ ಕ್ಲಿಪ್’, ಹೊಸ ಹೆಸರಿನ ಫೈಲ್ ತೋರಿಸಿ. ಟೈಮ್‌ಲೈನ್‌ನ ಕಟ್‌ಗಳು ಹಾಗೇ ಉಳಿಯುತ್ತವೆ.

ಹೆಚ್ಚಿದ್ದರೆ ಹಳೇ ಹೆಸರು ವಾಪಸ್ ಕೊಡೋದೇ ಮೇಲು. ಹಳೇ ಹೆಸರು ರಿಸಾಲ್ವ್‌ಗೆ ಇನ್ನೂ ಗೊತ್ತಿದೆ. ಫೈಲ್ ಮೆನುವಿನಿಂದ ಮೀಡಿಯಾ ಪೂಲ್‌ನ ಮೆಟಾಡೇಟಾವನ್ನು ಸಿಎಸ್‌ವಿ ಆಗಿ ಎಕ್ಸ್‌ಪೋರ್ಟ್ ಮಾಡಿ, ಅದರಲ್ಲಿ ಫೈಲ್ ನೇಮ್, ಫೋಲ್ಡರ್, ಶುರುವಿನ ಟೈಮ್‌ಕೋಡ್ ಎಲ್ಲಾ ಇರುತ್ತೆ. ಎಕ್ಸ್‌ಪ್ಲೋರರ್‌ನಲ್ಲಿ ‘ಲೆಂತ್’ ಕಾಲಂ ತೆರೆದು ಉದ್ದ, ತೆಗೆದ ಸಮಯ ಹೋಲಿಸಿ ಎಕ್ಸೆಲ್‌ನಲ್ಲಿ ಹೊಸ ಹೆಸರು ಒಂದು ಕಾಲಂ, ಹಳೇ ಹೆಸರು ಪಕ್ಕದ ಕಾಲಂ ಮಾಡಿ. ಮೂರನೇ ಕಾಲಂನಲ್ಲಿ ‘ರೆನ್’ ಆದೇಶ, ಉದ್ಧರಣ ಚಿಹ್ನೆಯೊಳಗೆ ಹೊಸದು, ಮತ್ತೆ ಉದ್ಧರಣ ಚಿಹ್ನೆಯೊಳಗೆ ಹಳೇದು ಅಂತ ಸೂತ್ರದಲ್ಲಿ ಜೋಡಿಸಿ. ಆ ಕಾಲಂ ನೋಟ್‌ಪ್ಯಾಡ್‌ಗೆ ಹಾಕಿ ಬ್ಯಾಟ್ ಫೈಲ್ ಮಾಡಿ, ಫುಟೇಜ್ ಫೋಲ್ಡರ್‌ನಲ್ಲಿಟ್ಟು ಓಡಿಸಿದರೆ ಎಲ್ಲಾ ಒಂದೇ ಏಟಿಗೆ ಹಳೇ ಹೆಸರಿಗೆ ಬರುತ್ತವೆ, ರಿಸಾಲ್ವ್ ತೆರೆದಾಗ ಕೆಂಪು ಇರಲ್ಲ. ಎರಡು ಮೂರು ಫೈಲ್ ಮೇಲೆ ಪರೀಕ್ಷೆ ಮಾಡಿ ಆಮೇಲೆ ಪೂರ್ತಿ ಓಡಿಸಿ.

ಪ್ರಾಕ್ಸಿ ಮಾಡಿಕೊಂಡಿದ್ದರೆ ಅದೂ ನೋಡಿ. ಬ್ಲ್ಯಾಕ್‌ಮ್ಯಾಜಿಕ್ ಪ್ರಾಕ್ಸಿ ಜನರೇಟರ್ ಮಾಡಿದ ಪ್ರಾಕ್ಸಿಗಳು ಮೂಲ ಫೈಲ್ ಪಕ್ಕದ ‘ಪ್ರಾಕ್ಸಿ’ ಫೋಲ್ಡರ್‌ನಲ್ಲಿ ಅದೇ ಹೆಸರಲ್ಲಿರುತ್ತವೆ. ಮೂಲದ ಹೆಸರು ಬದಲಾದರೆ ಪ್ರಾಕ್ಸಿದೂ ಬದಲಾಗಬೇಕು.

---

ಕಾರ್ಡ್_ರೀಡರ್

ಒಂದು ಸೇರ್ಪಡೆ. ಡೆಲಿವರಿ ಆಗಿ ಹಣ ಬಂದ ಹಳೆಯ ಕೆಲಸಗಳ ಫೈಲ್ ಹೆಸರು ತಿದ್ದಲು ಕೂರಬೇಡಿ. ಪ್ರಾಜೆಕ್ಟ್ ಹೆಸರು ಮಾತ್ರ ಸರಿ ಮಾಡಿ, ತೆರೆದು ಕೆಂಪು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರ್ಕೈವ್’ ಕೊಡಿ. ಡಿಆರ್‌ಎ ಅನ್ನುವ ಫೋಲ್ಡರ್ ಆಗುತ್ತದೆ, ಪ್ರಾಜೆಕ್ಟ್ ಮತ್ತು ಮೀಡಿಯಾ ಎರಡೂ ಒಳಗೆ. ರೆಂಡರ್ ಕ್ಯಾಶ್ ಟಿಕ್ ತೆಗೆಯಿರಿ, ಸುಮ್ಮನೆ ಜಾಗ ತಿನ್ನುತ್ತದೆ. ಮೀಡಿಯಾ ಪೂಲ್‌ನಲ್ಲಿ ಇರುವುದೆಲ್ಲ ಕಾಪಿ ಆಗುವುದರಿಂದ ಬೇಡದ ಕ್ಲಿಪ್‌ಗಳನ್ನು ಮುಂಚೆಯೇ ಪೂಲ್‌ನಿಂದ ತೆಗೆದರೆ ಗಾತ್ರ ಎಷ್ಟೋ ಇಳಿಯುತ್ತದೆ. ಆರ್ಕೈವ್ ಆದಮೇಲೆ ಅದರ ಒಳಗಿನ ಯಾವ ಹೆಸರನ್ನೂ ಮುಟ್ಟಬೇಡಿ. ಮೂಲ ಫುಟೇಜ್ ಅಳಿಸುವ ಮುಂಚೆ ಅದನ್ನು ಬೇರೊಂದು ಲೈಬ್ರರಿಯಲ್ಲಿ ‘ರಿಸ್ಟೋರ್ ಪ್ರಾಜೆಕ್ಟ್ ಆರ್ಕೈವ್’ ಮಾಡಿ, ಎಕ್ಸ್‌ಟರ್ನಲ್ ಡಿಸ್ಕ್ ಕಳಚಿಟ್ಟು ಟೈಮ್‌ಲೈನ್ ಕೊನೆಯವರೆಗೂ ಓಡುತ್ತದಾ ನೋಡಿ. ಡಿಸ್ಕ್ ಜೋಡಿಸಿಯೇ ನೋಡಿದರೆ ಕ್ಲಿಪ್ ಬರುತ್ತಿರುವುದು ಆರ್ಕೈವ್‌ನಿಂದಲೋ ಹಳೆಯ ಜಾಗದಿಂದಲೋ ಗೊತ್ತಾಗುವುದಿಲ್ಲ.